ಹನ್ನೊಂದು ಜನ ಕಾರವಾರ ಕೇಳಿದ ಕಥೆ

ಹೋದ ತಿಂಗಳ ಒಂದು ಶನಿವಾರ, ಮಧ್ಯಾಹ್ನ ಹನ್ನೆರಡೂವರೆಗೆ, ಮದ್ದೂರಿನ ಒಂದು ಸೈಬರ್ ಸೆಂಟರಿನಲ್ಲಿ ಕೂತು ನನ್ನ ಚಿಕ್ಕಪ್ಪನ ಮಗಳು ನಾಗರತ್ನಳನ್ನು ಕಾರವಾರಕ್ಕೆ ಕಳಿಸಿಬಿಟ್ಟೆ. ಬಸ್ಸು ಹತ್ತಿಸಿ ಅಲ್ಲ. ಮೌಸ್ ಒತ್ತಿ.

ಅವಳು ಕೇಳಿದ್ದು ಮದ್ದೂರು.

ನಾಗರತ್ನ ಮೇಷ್ಟ್ರು. (ಮೇಡಂ ಎಂದರೆ ಅವಳಿಗೆ ಸಿಟ್ಟು.) ಹಲವು ಊರುಗಳಲ್ಲಿ ಶಾಲೆ ನಡೆಸುವ ಒಂದು ಖಾಸಗಿ ವಿದ್ಯಾಸಂಸ್ಥೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ಸಂಸ್ಥೆಯ ಹೆಸರು ಬೇಡ, ಅವಳು ಇನ್ನೂ ಅಲ್ಲೇ ಕೆಲಸದಲ್ಲಿದ್ದಾಳೆ. ಆರು ವರ್ಷದಿಂದ ಬಳ್ಳಾರಿ ಶಾಖೆ. ಗಂಡ ಮಹದೇವ ಸೋಮನಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಮನೆ ಮದ್ದೂರು. ಆರು ವರ್ಷದಲ್ಲಿ ಗಂಡ ಹೆಂಡತಿ ಮುಖ ನೋಡಿದ್ದಕ್ಕಿಂತ ವಿಡಿಯೋ ಕಾಲ್‌ನಲ್ಲಿ ಪರಸ್ಪರರ ಹಣೆ ನೋಡಿದ್ದೇ ಹೆಚ್ಚು. (ಮಹದೇವನಿಗೆ ಫೋನು ಹಿಡಿಯಲು ಬರುವುದಿಲ್ಲ.)

ಈ ವರ್ಷ ಸಂಸ್ಥೆ ವರ್ಗಾವಣೆಗೆ ಅರ್ಜಿ ಕರೆಯಿತು. ಆನ್‌ಲೈನ್. ಗಣಿತಕ್ಕೆ ಖಾಲಿ ಇದ್ದದ್ದು ನಾಲ್ಕು ಕಡೆ: ಮದ್ದೂರು, ಮಳವಳ್ಳಿ, ಮಂಡ್ಯ, ಕಾರವಾರ. ಒಮ್ಮೆ ಸಲ್ಲಿಸಿದರೆ ಬದಲಾಯಿಸುವಂತಿಲ್ಲ. ಆ ಶನಿವಾರವೇ ಕೊನೆಯ ದಿನ.

ನಾಗರತ್ನ ರಜೆ ಹಾಕಿ ಊರಿಗೆ ಬಂದಳು. ನನಗೆ ಫೋನು ಮಾಡಿದಳು. "ಅಣ್ಣ, ನೀನು ಕಂಪ್ಯೂಟರ್ ಮೇಷ್ಟ್ರಲ್ವಾ, ಬಂದ್ಬುಡು. ನಂಗೆ ಅದೆಲ್ಲಾ ಭಯ ಕಣಣ್ಣ."

ಹೋದೆ. ಯಾಕೆ ಹೋಗಬಾರದು? ಮಂಡ್ಯದ ಒಂದು ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಅದರಲ್ಲೂ ಬ್ರೌಸರ್ ಒಳಗೆ ಏನು ನಡೆಯುತ್ತದೆ ಎಂಬುದು ನನ್ನ ಮೆಚ್ಚಿನ ಅಧ್ಯಾಯ. ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. (ವಿದ್ಯಾರ್ಥಿಗಳೂ ಕಣ್ಣು ಮುಚ್ಚಿಕೊಂಡೇ ಕೇಳುತ್ತಾರೆ.)

ಸೈಬರ್ ಸೆಂಟರ್ ನಡೆಸುವವಳು ಸವಿತಾ. ನಲವತ್ತರ ಆಸುಪಾಸಿನ ಹೆಂಗಸು. ಓದಿದ್ದು ಹತ್ತನೇ ಕ್ಲಾಸು. ಪಹಣಿಯಿಂದ ಪಾಸ್‌ಪೋರ್ಟಿನವರೆಗೆ ಎಲ್ಲ ಅರ್ಜಿಯೂ ಅವಳ ಬೆರಳಿನಲ್ಲೇ ಹಾದುಹೋಗಬೇಕು. ಪುಟ ತೆರೆದುಕೊಟ್ಟಳು. ಮೇಲ್ಗಡೆ ಸಂಸ್ಥೆಯ ಸ್ಥಾಪಕರ ಭಾವಚಿತ್ರ. ಅದರ ಮೇಲೆ ಆಕಾಶದಿಂದ ಗುಲಾಬಿ ದಳಗಳ ಮಳೆ. ಒಂದೊಂದೇ ದಳ ತಿರುಗುತ್ತಾ ಇಳಿದು ಮಾಯವಾಗುತ್ತಿತ್ತು. ಕೆಳಗೆ ಶಾಖೆಗಳ ಪಟ್ಟಿ (ಮೇಲಿದ್ದದ್ದು ಮೊದಲ ಆಯ್ಕೆ), ಪ್ರತಿಯೊಂದರ ಪಕ್ಕ 'ತೆಗೆ' ಎಂಬ ಬಟನ್. ಪಟ್ಟಿಯ ಮೊದಲ ಸಾಲಿನಲ್ಲಿ 'ಬಳ್ಳಾರಿ (ಈಗಿನ ಶಾಖೆ)' ಎಂದು ತಾನೇತಾನಾಗಿ ಬಂದು ಕೂತಿತ್ತು. ಈಗಿನ ಶಾಖೆಯೇ ಬೇಕೆಂದಿದ್ದರೆ ವರ್ಗಾವಣೆ ಅರ್ಜಿ ಯಾಕೆ ಹಾಕುತ್ತಾರೆ? ಕೇಳಬೇಡಿ. ಅದನ್ನು ನಾವೇ ತೆಗೆಯಬೇಕು.

ಅಷ್ಟರಲ್ಲಿ ಮಹದೇವನ ಫೋನು. ಮೊದಲು ಮದ್ದೂರೋ, ಮಳವಳ್ಳಿಯೋ? ಮಳವಳ್ಳಿ ಶಾಲೆ ದೊಡ್ಡದು, ಹೆಡ್‌ಮಾಸ್ಟರ್ ಆಗುವ ಅವಕಾಶ ಇದೆ ಎಂದು ಅವನು. ಆರು ವರ್ಷ ಬಸ್ಸಲ್ಲಿ ಕೂತು ಬೆನ್ನು ಹೋಯ್ತು, ನಡೆದು ಹೋಗುವ ಶಾಲೆ ಬೇಕು ಎಂದು ಇವಳು. ಹೊರಗೆ ಹೋಗಿ ಕಾಫಿ ಕುಡಿದೆವು. ಫೋನಿನಲ್ಲಿ ಮುಕ್ಕಾಲು ಗಂಟೆ ಜಗಳವಾಗಿ ಮದ್ದೂರು ಗೆದ್ದಿತು. ಪಟ್ಟಿಯಲ್ಲೂ ಬಳ್ಳಾರಿಯ ಕೆಳಗೆ ಅದೇ ಮೊದಲಿತ್ತು. ಒಳಗೆ ಪುಟ ತೆರೆದೇ ಇತ್ತು. ಸ್ಥಾಪಕರ ಮೇಲೆ ಹೂವು ಬೀಳುತ್ತಲೇ ಇತ್ತು.

ವಾಪಸು ಬಂದು ಕೂತಾಗ ಸವಿತಾ ಹೇಳಿದಳು. "ಸಾ, ಆ ಪುಟ ಮುಚ್ಬುಟ್ಟು ಒಸದಾಗಿ ತಗೀರಿ. ಬಾಳ ಟೈಮು ತಗ್ದೇ ಬುಟ್ರೆ ಭಾರ ಆಯ್ತದೆ ಅದು."

ನಾನು ನಕ್ಕೆ. ಪುಟ ಭಾರ ಆಗುವುದೇ? ಅದೇನು ನೆನೆದ ಗೋಣಿಚೀಲವೇ?

"ಇಲ್ಲಮ್ಮ, ಹಾಗೇನಿಲ್ಲ. ನೋಡು." ಮೌಸಿನ ಚಕ್ರ ತಿರುಗಿಸಿದೆ. ಪುಟ ಸಲೀಸಾಗಿ ಕೆಳಗೆ ಹೋಯಿತು, ಮೇಲೆ ಬಂತು. "ಜೀವ ಇದೆ."

"ಆಯ್ತು ಸಾ. ಆದ್ರೆ ಒಂದೇ ಸಲ ಒತ್ಬುಟ್ಟು ಕೈ ತಗೀರಿ. ಸುಮ್ನೆ ಕೂತ್ಕಳಿ."

ಬಳ್ಳಾರಿಯ ಪಕ್ಕದ 'ತೆಗೆ' ಒತ್ತಿದೆ. ಏನೂ ಆಗಲಿಲ್ಲ. ಇನ್ನೊಂದು ಸಲ ಒತ್ತಿದೆ. ಬಳ್ಳಾರಿ ಅಲ್ಲಾಡಲಿಲ್ಲ. ಇನ್ನೊಂದು. ಮತ್ತೊಂದು. ಕೊನೆಗೆ ಸಿಟ್ಟು ಬಂದು ಇನ್ನೂ ಒಂದು.

"ಓಗ್ತಿಲ್ವಲ್ಲಣ್ಣ?" ಎಂದಳು ನಾಗರತ್ನ.

ಈ ಪ್ರಶ್ನೆಗೆ 'ಗೊತ್ತಿಲ್ಲ' ಎಂದಿದ್ದರೆ ಇವತ್ತು ಈ ಅಂಕಣ ಇರುತ್ತಿರಲಿಲ್ಲ. ಆದರೆ ನಾನು ಮೇಷ್ಟ್ರು. ಪಾಠ ಶುರು ಮಾಡಿದೆ. "ನೋಡು ನಾಗು, ಪರದೆ ಮೇಲೆ ಕಾಣೋದು ಬರೀ ಚಿತ್ರ. ನಿಜವಾದ ಪಟ್ಟಿ ಮೆಮೊರಿಯಲ್ಲಿದೆ. ಅಲ್ಲಿ ಬಳ್ಳಾರಿ ಆಗಲೇ ಹೋಗಿರುತ್ತೆ. ಚಿತ್ರ ನಿಧಾನಕ್ಕೆ ಬರುತ್ತೆ. ಕಾಯೋದು ಬೇಡ."

"ಕೊನೇಲಿ ಕಾರವಾರ ಅದಲ್ಲಣ್ಣ?"

"ಇರಲಿ ಬಿಡು. ಅಷ್ಟು ಕೆಳಗೆ ಯಾರು ಇಳೀತಾರೆ?"

ಹೀಗೆ ಹೇಳಿ ಪರದೆಯ ತಳದಲ್ಲಿದ್ದ ಹಸಿರು 'ಸಲ್ಲಿಸು' ಬಟನ್ ಒತ್ತಿದೆ.

ಹತ್ತು ಸೆಕೆಂಡು ಮೌನ. ಆಮೇಲೆ ಎಲ್ಲ ಒಟ್ಟಿಗೆ ಎಚ್ಚರವಾಯಿತು. ಬಳ್ಳಾರಿ ಹೋಯಿತು. ಮದ್ದೂರು ಹೋಯಿತು. ಮಳವಳ್ಳಿ, ಮಂಡ್ಯ, ಸರಸರನೆ ಹೋದವು. ಪರದೆ ಹಸಿರಾಯಿತು. "ಧನ್ಯವಾದಗಳು. ನಿಮ್ಮ ಆಯ್ಕೆ: ಕಾರವಾರ."

ನಾಗರತ್ನ ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿಯ ಕೈ ಹಿಡಿದುಕೊಂಡು ಆ ಹಸಿರನ್ನೇ ನೋಡುತ್ತಾ ಕೂತಳು. ಆಮೇಲೆ ಗಂಡನಿಗೆ ಫೋನು ಮಾಡಿ, "ಕಾರವಾರ ಆಯ್ತು ಕಣ್ರೀ" ಎಂದಳು. ಆ ಕಡೆಯಿಂದ ಮಹದೇವ "ಓಗ್ಲಿ ಬುಡು, ಸಮುದ್ರನಾದ್ರೂ ಅದೆ" ಎಂದದ್ದು ನನಗೂ ಕೇಳಿಸಿತು. ಅವಳು ಆಗ ಅತ್ತಳು.

ಸವಿತಾ ಒಂದು ಲೋಟ ನೀರು ತಂದು ನಾಗರತ್ನಳಿಗೆ ಕೊಟ್ಟಳು. ನನಗೆ ಕೊಡಲಿಲ್ಲ.

ಏನಾಗಿತ್ತು? ಇಪ್ಪತ್ತು ವರ್ಷ ನಾನೇ ಹೇಳಿಕೊಟ್ಟದ್ದು ಆಗಿತ್ತು, ಅಷ್ಟೇ.

ಬ್ರೌಸರಿನೊಳಗೆ ಎರಡು ಬೇರೆ ಬೇರೆ ಭಾಗಗಳಿವೆ. ಒಂದು ಪುಟವನ್ನು ಬಿಡಿಸಿ ತೋರಿಸುತ್ತದೆ. ಇನ್ನೊಂದು ಸ್ಕ್ರಿಪ್ಟ್ ಓಡಿಸುತ್ತದೆ, ಅಂದರೆ 'ಇದನ್ನು ಒತ್ತಿದರೆ ಅದನ್ನು ಮಾಡು' ಎಂಬ ಆಜ್ಞೆಗಳನ್ನು ಪಾಲಿಸುತ್ತದೆ. ಪುಟದಲ್ಲಿ ಕಾಣುವ ಪ್ರತಿ ಸಾಲಿಗೆ, ಪ್ರತಿ ಬಟನ್ನಿಗೆ, ಪ್ರತಿ ಹೂವಿನ ದಳಕ್ಕೂ ಮೆಮೊರಿಯಲ್ಲಿ ಒಂದು ಪ್ರತಿರೂಪ ಇರುತ್ತದೆ. ಸ್ಕ್ರಿಪ್ಟ್ ಅದರ ಜುಟ್ಟು ಹಿಡಿದುಕೊಂಡು ಕೆಲಸ ಮಾಡಿಸುತ್ತದೆ. ಜುಟ್ಟು ಬಿಡುವ ತನಕ, ಪುಟದಿಂದ ಕಿತ್ತುಹಾಕಿದ ವಸ್ತುವೂ ಮೆಮೊರಿಯಿಂದ ಏಳುವುದಿಲ್ಲ. ಕಣ್ಣಿಗಿಲ್ಲ, ಆದರೆ ಇದೆ.

ನಾನು ಹೊಸದಾಗಿ ಪುಟ ತೆರೆದು ಒಳಗೆ ಇಣುಕಿ ನೋಡಿದೆ. (ಮಾನ ಹೋದ ಮೇಲೆ ತನಿಖೆ.) ಬಿದ್ದು ಮಾಯವಾದ ಒಂದೊಂದು ಗುಲಾಬಿ ದಳವನ್ನೂ ಆ ಸ್ಕ್ರಿಪ್ಟ್ ಬಿಡದೆ ಹಿಡಿದುಕೊಂಡಿತ್ತು. ಹೊಸ ದಳ ಬೀಳಿಸುವ ಮುಂಚೆ ಹಳೆಯ ದಳಗಳನ್ನೆಲ್ಲ ಒಂದು ಸುತ್ತು ಎಣಿಸುತ್ತಿತ್ತು. ಮುಕ್ಕಾಲು ಗಂಟೆಯ ಹೂವು ಎಷ್ಟಾಗಿರಬೇಕು! ಸವಿತಾ ಹೇಳಿದ 'ಭಾರ' ಇದೇ.

ಇನ್ನೊಂದು ವಿಷಯ. ಸ್ಕ್ರಿಪ್ಟ್ ಓಡಿಸುವುದು, ಪುಟ ಬಿಡಿಸುವುದು, ನಮ್ಮ ಕ್ಲಿಕ್ಕಿಗೆ ಓಗೊಡುವುದು, ಈ ಮೂರೂ ಒಂದೇ ಸಾಲಿನಲ್ಲಿ, ಒಂದು ಮುಗಿದ ಮೇಲೆ ಇನ್ನೊಂದು ನಡೆಯಬೇಕು. ಸ್ಕ್ರಿಪ್ಟ್ ಹೂವು ಎಣಿಸುತ್ತಿದ್ದರೆ ಪರದೆಯಲ್ಲಿ ಹಳೆಯ ಚಿತ್ರವೇ ನಿಂತಿರುತ್ತದೆ. ಕ್ಲಿಕ್ಕುಗಳು ಕಳೆದುಹೋಗುವುದಿಲ್ಲ, ಕ್ಯೂ ನಿಲ್ಲುತ್ತವೆ. ಸರದಿ ಬಂದಾಗ ನನ್ನ ಮೊದಲ ಕ್ಲಿಕ್ಕು ಬಳ್ಳಾರಿಯನ್ನು ತೆಗೆಯಿತು. ಮದ್ದೂರು ಆ ಜಾಗಕ್ಕೆ ಏರಿ ಬಂತು. ಎರಡನೆಯ ಕ್ಲಿಕ್ಕು ಅದೇ ಜಾಗಕ್ಕೆ ಬಿತ್ತು. ಹೀಗೇ ನಾಲ್ಕು. ಐದನೆಯದು ಕಾರವಾರದ ಮೇಲೆ ಬಿತ್ತು, ಆದರೆ ಕೊನೆಯ ಒಂದನ್ನು ತೆಗೆಯಲು ಪುಟ ಬಿಡುವುದಿಲ್ಲ. ಕಾರವಾರ ಬದುಕಿತು.

ಹಾಗಾದರೆ ಪುಟ ಸಲೀಸಾಗಿ ಮೇಲೆ ಕೆಳಗೆ ಜಾರಿತಲ್ಲ? ಅದು ಬೇರೆ ಕೆಲಸಗಾರನ ಪಾಳಿ. ಅವನು ಇರುವ ಚಿತ್ರವನ್ನೇ ಅತ್ತಿತ್ತ ಸರಿಸುತ್ತಾನೆ. ಅದನ್ನೇ ನಾನು ಜೀವ ಎಂದುಕೊಂಡೆ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ನಾನೇ ಅಂಕ ಕಡಿಯುವವನು.

ಸೋಮವಾರ ಇಬ್ಬರೂ ಮಂಡ್ಯದಲ್ಲಿರುವ ಸಂಸ್ಥೆಯ ಆಫೀಸಿಗೆ ಹೋದೆವು. ಆಡಳಿತಾಧಿಕಾರಿ ಪುಟ್ಟಸ್ವಾಮಯ್ಯನವರು ಒಳ್ಳೆಯ ಮನುಷ್ಯ. ಕೂರಿಸಿದರು. ನಾಗರತ್ನಳ ಹೆಸರು ನೋಡಿ ಮುಖ ಅರಳಿಸಿದರು.

"ಕಾರವಾರ! ಸಂತೋಷ ಕಣಮ್ಮ. ಓದ್ ವರ್ಸ ಒಬ್ರೂ ಕೇಳಿರ್ಲಿಲ್ಲ. ಈ ವರ್ಸ ಅನ್ನೊಂದು ಜನ ಕೇಳವ್ರೆ. ಅದೂ ಬರೀ ಅದೊಂದೇ! ಬೆಳಿಗ್ಗೆ ಕಮಿಟೀಲಿ ಹೇಳ್ದೆ, ಎಲ್ಲಾ ಚಪ್ಪಾಳೆ ತಟ್ಟುದ್ರು. ಅಲ್ಲಿಗೆ ಇನ್ನೊಂದು ಕಟ್ಟಡ ಕಟ್ಟುವಾ ಅಂತ ಮಾತಾಯ್ತಾ ಅದೆ."

ನಾನೂ ನಾಗರತ್ನಳೂ ಮುಖ ಮುಖ ನೋಡಿಕೊಂಡೆವು.

ವಿವರಿಸಿದೆ. ಮೆಮೊರಿ, ಕ್ಯೂ, ಗುಲಾಬಿ ದಳ. ಅವರು ತಾಳ್ಮೆಯಿಂದ ಕೇಳಿ, "ಒತ್ತಿದ್ದು ನೀವೇ ತಾನೆ?" ಎಂದರು. ಹೌದೆಂದೆ. "ಮತ್ತೆ?"

ಅವರ ಮೇಜಿನ ಕಂಪ್ಯೂಟರಿನಲ್ಲಿ ಅದೇ ಪುಟ ಬೆಳಗ್ಗೆಯಿಂದ ತೆರೆದಿತ್ತು. ಬಂದವರಿಗೆ ಸ್ಥಾಪಕರ ದರ್ಶನ ಆಗಲಿ ಎಂದು. "ಪರೀಕ್ಷೆಗೆ ಈ ತೆರೆದಿರೋ ಪುಟದಲ್ಲೇ ನೀವೇ 'ತೆಗೆ' ಒತ್ತಿ ನೋಡಿ ಸಾರ್" ಎಂದೆ. ಒತ್ತಿದರು. ಏನೂ ಆಗಲಿಲ್ಲ. "ಏನ್ಲಾ ಇದು" ಎಂದು ಮೌಸನ್ನೇ ಗದರಿಸಿ ಮತ್ತೆ ಮತ್ತೆ ಒತ್ತಿದರು. ಆಮೇಲೆ ಮೂರು ಸಾಲು ಒಟ್ಟಿಗೆ ಮಾಯವಾದವು.

"ನಾ ಒಂದೇ ಸಲ ಕಣಯ್ಯ ಒತ್ತಿದ್ದು!"

"ಮೂರು ಸಲ ಒತ್ತುದ್ರಿ ಸಾರ್" ಎಂದಳು ನಾಗರತ್ನ. ಗಣಿತದ ಮೇಷ್ಟ್ರು, ಎಣಿಸಿದ್ದಳು.

ಪುಟ್ಟಸ್ವಾಮಯ್ಯ ಕನ್ನಡಕ ತೆಗೆದು ಒರೆಸಿದರು. ಹೂವಿನ ಮಳೆ ನಿಲ್ಲಿಸಬಹುದಲ್ಲ ಎಂದು ನಾನೆಂದೆ. "ಅಯ್ಯೋ, ಸ್ಥಾಪಕರ ಮ್ಯಾಲೆ ಊವು ನಿಂತೋದ್ರೆ ಕಮಿಟಿಯೋರು ನನ್ನೇ ನಿಲ್ಲುಸ್ತಾರೆ" ಎಂದು ಬಾಗಿಲ ಕಡೆ ನೋಡಿದರು. ಆಮೇಲೆ ದನಿ ತಗ್ಗಿಸಿ, ಒಂದು ಬಿಳಿ ಹಾಳೆ ಮುಂದೆ ತಳ್ಳಿದರು. "ಮದ್ದೂರು ಅಂತ ಬರ್ಕೊಡಮ್ಮ. ನಾನು ಸರಿಮಾಡುಸ್ತೀನಿ. ಯಾರ್ಗೂ ಹೇಳ್ಬೇಡಿ."

ನನಗೆ ಎದೆ ಹಗುರಾಯಿತು. ಪೆನ್ನು ತೆಗೆದು ಅವಳ ಕೈಗೆ ಕೊಟ್ಟೆ.

ಅವಳು ಬರೆಯಲಿಲ್ಲ. "ಸಾರ್, ಉಳಿದೋರು?"

"ಯಾರು?"

"ಕಾರವಾರ ಕೇಳಿರೋ ಹತ್ತು ಜನ. ಅವ್ರೂ ನನ್ನಂಗೇ ಅಲ್ವಾ? ಅವ್ರಿಗೂ ಫೋನ್ ಮಾಡಿ ಸಾರ್. ಆಮೇಲೆ ಬರೀತೀನಿ."

ನಾನು ಅವಳ ಕಾಲು ತುಳಿದೆ. ಅವಳು ಕಾಲು ಎಳೆದುಕೊಂಡಳು.

ಪುಟ್ಟಸ್ವಾಮಯ್ಯನವರಿಗೆ ಮೊದಲು ಸಿಟ್ಟು ಬಂತು. "ನಿಂದು ನೀನ್ ನೋಡ್ಕೊಳ್ಳಮ್ಮ" ಎಂದರು. ಅವಳು ಏಳಲಿಲ್ಲ, ದನಿಯನ್ನೂ ಏರಿಸಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ ಕೂತಳು. ಅಷ್ಟೇ. ಕಾಲು ಗಂಟೆ ಆದ ಮೇಲೆ ಅವರು ಫೋನು ಎತ್ತಿದರು.

ಒಬ್ಬೊಬ್ಬರದೂ ಒಂದೇ ಕಥೆ. ಒಬ್ಬಳು ಬಳ್ಳಾರಿಯಿಂದಲೇ ಅತ್ತುಬಿಟ್ಟಳು. ಕೊಪ್ಪಳದ ಮೇಷ್ಟ್ರೊಬ್ಬರು ಕಾರವಾರದಲ್ಲಿ ಆಗಲೇ ಬಾಡಿಗೆ ಮನೆ ಹುಡುಕುತ್ತಿದ್ದರು. "ಯಾಕ್ರೀ ದೂರು ಕೊಡ್ಲಿಲ್ಲ?" ಎಂದರೆ ಎಲ್ಲರದೂ ಒಂದೇ ಉತ್ತರ: "ನಾನೇ ತಪ್ಪು ಒತ್ತಿದೆ ಅಂದ್ಕೊಂಡೆ ಸಾರ್." ನಿಜವಾಗಿ ಕಾರವಾರ ಬೇಕೆಂದು ಕೇಳಿದವರು ಒಬ್ಬರೇ ಇದ್ದರು. ಅವರ ಊರೇ ಅದು.

ಹೊಸದಾಗಿ ಅರ್ಜಿ ತೆಗೆದುಕೊಂಡರು. ಬಿಳಿ ಹಾಳೆಯ ಮೇಲೆ, ನೀಲಿ ಶಾಯಿಯಲ್ಲಿ. ಸೇವಾ ಹಿರಿತನ ನೋಡಿ ಹಂಚಿದರು. ಮದ್ದೂರು, ಫೋನಿನಲ್ಲಿ ಅತ್ತ ಬಳ್ಳಾರಿಯ ಆ ಹೆಂಗಸಿಗೆ ಹೋಯಿತು. ಅವಳದೂ ಗಣಿತ, ಎಂಟು ವರ್ಷದ ಸರ್ವೀಸು. ನಾಗರತ್ನಳಿಗೆ ಮಳವಳ್ಳಿ. ಮತ್ತೆ ಬಸ್ಸು.

"ಸುಮ್ಮನೆ ಆವತ್ತೇ ಬರೆದುಕೊಟ್ಟಿದ್ದರೆ ಮದ್ದೂರು ಸಿಗುತ್ತಿತ್ತಲ್ಲೇ" ಎಂದೆ.

"ಸಿಗ್ತಿತ್ತು ಕಣಣ್ಣ" ಎಂದಳು. "ದಿನಾ ಆ ಸ್ಕೂಲಿಗೆ ನಡ್ಕಂಡು ಓಗ್ಬೇಕಿತ್ತಲ್ಲ, ಅದ್ಯಾಕೋ ಕಾಲು ಏಳ್ತಿರ್ಲಿಲ್ಲ." ಆಮೇಲೆ ನಕ್ಕು, "ಸಂಜೆ ಮನೇಗಂತೂ ಬತ್ತೀನಲ್ಲ" ಎಂದಳು.

ಸಂಸ್ಥೆಯ ಪುಟ ಈಗಲೂ ಹಾಗೇ ಇದೆ. ಒಂದು ಸಾಲು ಸೇರಿಸಿದ್ದಾರೆ: 'ದಯವಿಟ್ಟು ಬಟನ್ ಅನ್ನು ಒಮ್ಮೆ ಮಾತ್ರ ಒತ್ತಿ.' ತಪ್ಪು ಇನ್ನೂ ನಮ್ಮ ಬೆರಳಿನದೇ.

ನನ್ನನ್ನು ಕಾಡುವುದು ಆ ಸ್ಕ್ರಿಪ್ಟ್ ಅಲ್ಲ. ಅದು ಹೇಳಿದ್ದನ್ನು ಹೇಳಿದ ಹಾಗೆ ಮಾಡಿತು. ಹತ್ತು ಜನ ಬೇಡದ ಊರಿಗೆ ಹೊರಟು ನಿಂತಿದ್ದರು. ನಾಗರತ್ನಳ ಹೊರತು ಒಬ್ಬರೂ ಬಾಯಿ ಬಿಡಲಿಲ್ಲ. ಅದನ್ನು ಬೇಡಿಕೆ ಎಂದುಕೊಂಡು ಒಂದು ಕಮಿಟಿ ಚಪ್ಪಾಳೆಯನ್ನೂ ತಟ್ಟಿತು.

ಕಂಪ್ಯೂಟರ್ ಹ್ಯಾಂಗ್ ಆದರೆ ಐದು ಸಲ ಒತ್ತುವ ನಾವು, ಆಫೀಸು ಹ್ಯಾಂಗ್ ಆದಾಗ ಒಂದು ಸಲವಾದರೂ ಯಾಕೆ ಒತ್ತುವುದಿಲ್ಲ?