ಹಸಿ ಹಗ್ಗ ಅಳೆದ ಎಂಟುನೂರು ಮೀಟರ್

ಗಂಡನ ಹೆಸರು ಬಾಯಲ್ಲಿ ಹೇಳಬಾರದು ಎಂದು ನಮ್ಮ ಅತ್ತೆ ಪಕ್ಕೀರಮ್ಮ ಮದುವೆಯ ಮರುದಿನವೇ ತಾಕೀತು ಮಾಡಿದ್ದರು. ಬರೆಯಬಾರದು ಎಂದು ಮಾತ್ರ ಹೇಳಿರಲಿಲ್ಲ. ಹಾಗಾಗಿ ಬರೆಯುತ್ತೇನೆ: ಎರ್ರಿಸ್ವಾಮಿ. ಊರು ಸಿರುಗುಪ್ಪ ತಾಲ್ಲೂಕಿನ ರಾರಾವಿ. ಕೆಲಸ ಡ್ರಿಲ್ ಮಾಸ್ತರಿಕೆ. ಈ ಮನುಷ್ಯ ನೆಲದ ಮೇಲೆ ಕೂತು ನೆಮ್ಮದಿಯಾಗಿ ಊಟ ಮಾಡಿದ್ದನ್ನು ನೋಡಲು ನಾನು ಹದಿನಾಲ್ಕು ವರ್ಷ ಕಾಯಬೇಕಾಯಿತು.

ಎಪ್ಪತ್ತನೇ ಇಸವಿಯಲ್ಲಿ ನನ್ನನ್ನು ನೋಡಲು ಕುರುಗೋಡಿಗೆ ಬಂದರು. ಕುರ್ಚಿ ಹಾಕಿದೆವು. ಕೂತರು, ಎದ್ದರು, ಪಡಸಾಲೆಯ ಈ ಕಂಬದಿಂದ ಆ ಕಂಬಕ್ಕೆ ಓಡಾಡತೊಡಗಿದರು. ಅವಲಕ್ಕಿ ತಟ್ಟೆ ಹಿಡಿದ ನಾನು ಅವರ ಹಿಂದೆ ಎರಡು ಸುತ್ತು ಹಾಕಿದೆ. ನಮ್ಮಪ್ಪ ದೊಡ್ಡಬಸಪ್ಪನಿಗೆ ನಗು ತಡೆಯಲಿಲ್ಲ.

"ಏನಪಾ, ಬಳ್ಳಾರಿ ಬಸ್ಸಿಗೆ ಹೊತ್ತಾತೇನು?"

"ಇಲ್ರಿ. ಕಾಲು ಸುಮ್ಕ ಇರಂಗಿಲ್ಲ."

ಅವ್ವನಿಗೆ ಹುಡುಗ ಹಿಡಿಸಲಿಲ್ಲ. ಅಪ್ಪ, "ಸರ್ಕಾರಿ ನೌಕರಿ ಐತಿ, ಓಡಾಡ್ಲಿ ಬಿಡು" ಎಂದರು. ಹಾಗೆ ನನ್ನ ಮದುವೆಯಾಯಿತು.

ಸಿರುಗುಪ್ಪದಲ್ಲಿ ಬಾಡಿಗೆ ಮನೆ, ಪಕ್ಕದಲ್ಲೇ ಅವರು ಡ್ರಿಲ್ ಹೇಳಿಕೊಡುವ ಸಾಲಿ. ಮುಂದಿನ ವರ್ಷ ಮಾರ್ಚ್ ಇಪ್ಪತ್ತೆಂಟರ ಬೆಳಗಿನ ಜಾವ ನನ್ನನ್ನು ಎಬ್ಬಿಸಿ, ಕೈಯಲ್ಲಿ ಒಂದು ಸ್ಟಾಪ್‌ವಾಚು ಇಟ್ಟರು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಕೊಂಡ ಹಳೆಯ ವಾಚು. ಮೈದಾನಕ್ಕೆ ಕರೆದುಕೊಂಡು ಹೋಗಿ, ಸುಣ್ಣದ ಗೆರೆಯ ಪಕ್ಕ ನನ್ನನ್ನು ನಿಲ್ಲಿಸಿದರು. ಹೊಸ ಮದುವಣಗಿತ್ತಿಗೆ ಗಂಡ ಏನೇನೋ ಹೇಳಿಕೊಡುತ್ತಾನೆ ಅಂತಾರೆ. ನನ್ನ ಗಂಡ ಹೇಳಿಕೊಟ್ಟದ್ದು ಇದು:

"ಕೊಟ್ರಮ್ಮಾ, ಓಡೋರ ಮುಖ ನೋಡಬ್ಯಾಡ. ಗೆರಿ ನೋಡು. ಎದಿ ಗೆರಿ ದಾಟಿದ ಕೂಡ್ಲೇ ಒತ್ತು. ಮುಖ ನೋಡಿದಿ ಅಂದ್ರ ಬೆರಳು ಸುಳ್ಳು ಹೇಳತೈತಿ."

ನಾಲ್ಕು ಸುತ್ತು ಓಡಿದರು. ಎರಡು ನಿಮಿಷ ನಲವತ್ತಾರು ಸೆಕೆಂಡು ಎಂದು ಓದಿ ಹೇಳಿದೆ. ಮುಖ ಕಪ್ಪಿಟ್ಟಿತು. ವಾಚು ಕಸಿದುಕೊಂಡು ಮನೆಗೆ ನಡೆದರು. ಎರಡು ದಿನ ಮಾತಿಲ್ಲ. ಮರುವರ್ಷ ಅದೇ ದಿನ, ಅದೇ ಗೆರೆ, ಅದೇ ಮೌನ. ಮೂರನೇ ವರ್ಷ ನನಗೆ ಸಿಟ್ಟು ನೆತ್ತಿಗೇರಿತು. ವಾಚನ್ನು ಸೆರಗಿನಲ್ಲಿ ಕಟ್ಟಿಕೊಂಡು, "ಯಾಕ ಓಡ್ತೀರಿ ಅನ್ನಾದು ಹೇಳ್ರಿ, ಆಮ್ಯಾಲ ಕೊಡ್ತೀನಿ" ಎಂದೆ. ಅಂದು ಅಡುಗೆ ಮನೆಯ ಬಾಗಿಲಲ್ಲಿ ಹೋಗುತ್ತಾ ಬರುತ್ತಾ ಅವರು ಹೇಳಿದ ಕಥೆ ಇದು.

ಅರವತ್ತಾರರಲ್ಲಿ ಬಳ್ಳಾರಿಯಲ್ಲಿ ಡ್ರಿಲ್ ಮಾಸ್ತರರ ಒಂದು ವರ್ಷದ ತರಬೇತಿಗೆ ಸೇರಿದ್ದರು. ಬ್ರೂಸ್‌ಪೇಟೆಯಲ್ಲಿ ಒಂದು ಕಾಳಿನ ಅಂಗಡಿಯ ಮೇಲಿನ ಕೋಣೆ. ಜೊತೆಗೆ ಸುಂಕಪ್ಪ ಎಂಬ ಗೆಳೆಯ. ಸುಂಕಪ್ಪನ ಅಪ್ಪ ಅವ್ವ ಕೂಲಿ ಮಾಡಿ ಮಗನನ್ನು ಅಲ್ಲಿಯವರೆಗೆ ತಂದಿದ್ದರು. ಇಬ್ಬರೂ ಕಬಡ್ಡಿ ಆಡಿದ ಗಟ್ಟಿ ಮೈಯವರು. ಲಾಠಿ, ಲೇಜಿಮ್, ಮಲ್ಲಕಂಬ, ಎಲ್ಲದರಲ್ಲೂ ಮುಂದು. "ಸಾವಧಾನ್" ಎಂದು ನಿಲ್ಲಿಸಿದಾಗ ಮಾತ್ರ ನಮ್ಮವರ ಕಾಲಿನ ಬೆರಳು ಬೂಟಿನೊಳಗೇ ಕುಣಿಯುತ್ತಿತ್ತಂತೆ. ದೊಡ್ಡ ತೊಡಕೆಂದರೆ ಓಟ. ಎಂಟುನೂರು ಮೀಟರನ್ನು ಎರಡು ನಲವತ್ತರೊಳಗೆ ಓಡದಿದ್ದರೆ ಸರ್ಟಿಫಿಕೇಟು ಇಲ್ಲ. ಇಬ್ಬರೂ ದಿನಾ ಮುಂಜಾನೆ ಕೋಟೆಗುಡ್ಡ ಸುತ್ತಿ ಓಡಿದರು. ಎಷ್ಟು ಸುತ್ತಿದರೂ ಎರಡು ನಲವತ್ತೈದಕ್ಕೆ ಬಂದು ನಿಂತುಬಿಟ್ಟರು.

ಪರೀಕ್ಷೆಗೆ ಮೈದಾನಕ್ಕೆ ಗೆರೆ ಹಾಕುವುದು ಕೂಡ ಪಾಠವೇ. ಆ ವರ್ಷ ಆ ಕೆಲಸ ನಮ್ಮವರ ಪಾಲಿಗೆ ಬಂತು. ಇದ್ದದ್ದು ಒಂದೇ ಅಳತೆಯ ಟೇಪು. ಅದು ಉಗ್ರಾಣದಲ್ಲಿ, ಬೀಗ ಹಾಕಿಕೊಂಡು. ಉಗ್ರಾಣದವನು ಬರುವ ತನಕ ಕಾಯುವ ಜೀವವೇ ಅದು? ಹಿಂದಿನ ದಿನ ಉಗ್ರಾಣ ತೆರೆದಿದ್ದಾಗಲೇ, ನಮ್ಮ ಮಾವ ಹಾಲಸಿದ್ದಪ್ಪ ಹೊಸೆದುಕೊಟ್ಟಿದ್ದ ಪುಂಡಿ ನಾರಿನ ಹಗ್ಗವನ್ನು ಟೇಪಿಗೆ ಹಿಡಿದು, ಐವತ್ತು ಮೀಟರಿಗೆ ಸರಿಯಾಗಿ ಕೆಂಪು ಅರಿವೆ ಕಟ್ಟಿ, ಬೇಲಿಯ ಮೇಲೆ ಹಾಕಿ ಬಂದಿದ್ದರು. ಸಂಜೆ ಅಕಾಲದ ಮಳೆ ಸುರಿಯಿತು. ಬೆಳಿಗ್ಗೆ ಹೋಗಿ ಆ ಹಗ್ಗ ಹಿಡಿದೇ ಗೆರೆ ಹಾಕಿದರು, ಟೇಪಿಗೆ ಕಾಯಲಿಲ್ಲ.

ಆವತ್ತು ಅರವತ್ತೇಳರ ಮಾರ್ಚ್ ಇಪ್ಪತ್ತೆಂಟು. ನಲವತ್ತು ಜನವೂ ಪಾಸು. ನಮ್ಮವರದು ಎರಡು ಮೂವತ್ತೇಳು, ಸುಂಕಪ್ಪನದು ಎರಡು ಮೂವತ್ತೆಂಟು. "ಮಳೆ ಬಂದು ತಂಪಾಗೈತಿ, ಅದಕ್ಕ ಇಷ್ಟು ಚಲೋ ಓಡೀರಿ" ಎಂದು ಮೇಷ್ಟ್ರು ಬೆನ್ನು ತಟ್ಟಿದರು. ಸುಂಕಪ್ಪ ಗೆಳೆಯನ ಕತ್ತು ಹಿಡಿದುಕೊಂಡು ಅತ್ತನಂತೆ.

ಮಧ್ಯಾಹ್ನದ ಬಿಸಿಲಿಗೆ ಹಗ್ಗ ಗರಿಗರಿ ಒಣಗಿತ್ತು. ಸುತ್ತಿಡುವ ಮುಂಚೆ ಸುಮ್ಮನೆ ಐವತ್ತು ಮೀಟರಿನ ಸುಣ್ಣದ ಗುರುತಿನ ಮೇಲೆ ಹಾಸಿ ನೋಡಿದರು. ಕೆಂಪು ಅರಿವೆ ಗುರುತು ದಾಟಿ ಮೂರು ಹೆಜ್ಜೆ ಆಚೆ ಬಿದ್ದಿತ್ತು. ನೆಂದ ಹಗ್ಗ ಗಿಡ್ಡವಾಗುತ್ತದೆ ಎನ್ನುವುದು ರಾರಾವಿಯ ಕೂಸಿಗೂ ಗೊತ್ತು. ಮಳೆ ಬಂದರೆ ಕೊಟ್ಟಿಗೆಗೆ ಓಡಿ ಕರುಗಳ ಕೊರಳಿನ ಕುಣಿಕೆ ಸಡಿಲ ಮಾಡುತ್ತಿದ್ದವರು ಇವರೇ. ಐವತ್ತಕ್ಕೆ ಎರಡೂವರೆ ಮೀಟರ್, ಇನ್ನೂರರ ಒಂದು ಸುತ್ತಿಗೆ ಹತ್ತು ಮೀಟರ್, ನಾಲ್ಕು ಸುತ್ತಿಗೆ ನಲವತ್ತು ಮೀಟರ್ ಕಮ್ಮಿ. ಎಲ್ಲರೂ ಓಡಿದ್ದು ಏಳುನೂರ ಅರವತ್ತೇ.

"ಹೇಳಬೇಕಿತ್ತಲ್ರಿ" ಎಂದೆ.

"ಹೇಳಾಕ ಹೋದೆ. ಮೇಷ್ಟ್ರ ಬಾಗಿಲ ತನಕ ಹೋದೆ. ಸುಂಕಪ್ಪ ಊರಿಗೆ ತಂತಿ ಕಳ್ಸಿ ಬಂದಿದ್ದ. ತಿರುಗಿ ಓಡ್ಸಿದ್ರ ಅವನೂ ಫೇಲು, ನಾನೂ ಫೇಲು. ವಾಪಸ್ ಬಂದೆ."

ಸುಂಕಪ್ಪ ಮಾಸ್ತರರು ಈಗ ಪಿಂಚಣಿ ತಗೊಂಡು ಸುಖವಾಗಿದ್ದಾರೆ. ಇದನ್ನು ಓದಿದರೆ ಓದಲಿ. ಓಡು ಎಂದು ಇನ್ನು ಯಾರೂ ಅವರಿಗೆ ಹೇಳುವುದಿಲ್ಲ.

ಕಾರಣ ಗೊತ್ತಾದ ಮೇಲೆ ನನ್ನ ಸಿಟ್ಟೇನೂ ಕಡಿಮೆಯಾಗಲಿಲ್ಲ. ಸಂಬಳದ ನೌಕರಿ, ಮಕ್ಕಳು ಪ್ರೀತಿಸುವ ಮಾಸ್ತರ, ಆದರೂ ಕದ್ದ ಮಾಲು ಮನೆಯಲ್ಲಿಟ್ಟುಕೊಂಡವನ ಹಾಗೆ ತಳಮಳ. ಹಗ್ಗ ಮುಟ್ಟುವುದನ್ನೇ ಬಿಟ್ಟರು. ಕಬ್ಬಿಣದ ಸರಪಳಿ ಮಾಡಿಸಿ, ಒಂದು ಮೈದಾನವನ್ನು ಮೂರು ಸಲ ಅಳೆಯುತ್ತಿದ್ದರು. ನಡುವೆ ಉಣ್ಣಲು ಕರೆದರೆ ರೊಟ್ಟಿ ಸುರುಳಿ ಮಾಡಿ ಕೈಯಲ್ಲಿ ಹಿಡಿದು ತಿರುಗಾಡುತ್ತಾ ತಿನ್ನುವುದು. ಪಲ್ಯ ಅಂಗಿಯ ಮೇಲೆ. ಅಂಗಿ ಒಗೆಯುವವಳು ನಾನು. ಒಮ್ಮೆ ತಾಲ್ಲೂಕು ಕ್ರೀಡಾಕೂಟದಲ್ಲಿ ಅವರಿಗೆ ಶಾಲು ಹೊದಿಸಬೇಕೆಂದು ಹೆಸರು ಕೂಗಿದರೆ ಮನುಷ್ಯ ವೇದಿಕೆಯ ಹಿಂದಿನಿಂದ ಹೊರಟು ಬಸ್ಸು ಹತ್ತಿದ್ದರು. ಆ ಶಾಲನ್ನು ತಂದುಕೊಡಲು ಯಾರೋ ಮನೆಗೆ ಬಂದಾಗ ನನಗೆ ನೆಲಕ್ಕಿಳಿದು ಹೋಗುವಂತಾಯಿತು.

ಪ್ರತಿ ಮಾರ್ಚಿಗೂ ಓಟ ತಪ್ಪಲಿಲ್ಲ. ನಲವತ್ತೈದು, ನಲವತ್ತನಾಲ್ಕು, ಮತ್ತೆ ನಲವತ್ತಾರು. ಎಪ್ಪತ್ತೆಂಟರಲ್ಲಿ ಕುರುಗೋಡಿಗೇ ವರ್ಗವಾಯಿತು. ತವರೂರಿನ ಜನರ ಕಣ್ಣೆದುರಿಗೆ, ಎರಡು ಮಕ್ಕಳ ತಾಯಿ, ವಾಚು ಹಿಡಿದು ಗಂಡನನ್ನು ಓಡಿಸುತ್ತಾಳೆ ಎಂಬ ಹೆಸರು ನನಗೆ ಬಂತು.

ಎಂಬತ್ಮೂರರ ಚಳಿಗಾಲದಲ್ಲಿ ಏಳನೇ ಕ್ಲಾಸಿನ ಉಚ್ಚಂಗೆಮ್ಮ ಎಂಬ ಹುಡುಗಿ ಜಿಲ್ಲಾ ಆಯ್ಕೆಯಲ್ಲಿ ಅರ್ಧ ಸೆಕೆಂಡಿಗೆ ಕೈತಪ್ಪಿದಳು. ವಾಚು ಹಿಡಿದದ್ದು ನಮ್ಮವರೇ. ಆ ಹುಡುಗಿ ಇವರ ತೋಳು ಹಿಡಿದು, "ಸಾರ್, ಅರ್ಧ ಸೆಕೆಂಡೇ ಅಲ್ರಿ" ಎಂದು ಅತ್ತಳಂತೆ. ಬಳ್ಳಾರಿಯಿಂದ ಮನೆಗೆ ಬಂದವರು ಬೂಟು ಸಹ ಬಿಚ್ಚದೆ ಅಂಗಳದಲ್ಲಿ ಸುತ್ತಿದರು.

"ಐದು ಸೆಕೆಂಡು ಕದ್ದಾವ ನಾನು. ಅರ್ಧ ಸೆಕೆಂಡಿಗೆ ಅಕಿನ್ನ ಆಗಂಗಿಲ್ಲ ಅಂದೆ. ಯಾವ ಬಾಯಿಲೆ ಅಂದೆ ಅಂತ ನನಗ ತಿಳೀವಲ್ದು ಕೊಟ್ರಮ್ಮಾ."

ಅಷ್ಟರಲ್ಲಿ ಅವರ ಎಡ ಮೊಣಕಾಲು ಊದಲು ಶುರುವಾಗಿತ್ತು. ಇನ್ನು ಒಂದು ವರ್ಷ ಓಡಿದರೆ ನಡೆಯುವುದೂ ಕಷ್ಟ ಎಂದು ಬಳ್ಳಾರಿಯ ಡಾಕ್ಟರು ಹೇಳಿಬಿಟ್ಟಿದ್ದರು. ಎಂಬತ್ನಾಲ್ಕರ ಮಾರ್ಚೇ ಕೊನೆಯದು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಮೂರು ತಿಂಗಳು ಅವರು ಹುಚ್ಚು ಹಿಡಿದವರಂತೆ ಅಭ್ಯಾಸ ಮಾಡಿದರು. ನಾನು ಮೊಣಕಾಲಿಗೆ ಎಣ್ಣೆ ತಿಕ್ಕಿದೆ, ಬೈದೆ, ಮತ್ತೆ ತಿಕ್ಕಿದೆ.

ಇಪ್ಪತ್ತೆಂಟರ ಮುಂಜಾನೆ ಸರಪಳಿ ಹಿಡಿದು ಅಳೆದ ಮೈದಾನ. ನಲವತ್ತೊಂದು ವರ್ಷದ ಮನುಷ್ಯ. ಮೊದಲ ಮೂರು ಸುತ್ತು ಎಂದಿಗಿಂತ ಜೋರಾಗಿತ್ತು. ಕೊನೆಯ ತಿರುವಿನಲ್ಲಿ ಎಡಗಾಲು ಎಳೆಯಲು ಶುರುವಾಯಿತು. ಮುಳ್ಳು ಎರಡು ಮೂವತ್ತಾರು, ಮೂವತ್ತೇಳು. ಹಲ್ಲು ಕಚ್ಚಿ, ಕಣ್ಣು ತುಂಬಿ, ಬಾಯಿ ತೆರೆದುಕೊಂಡು ಅವರು ಬರುತ್ತಿದ್ದರು. ನಾನು ಒತ್ತಿಬಿಟ್ಟೆ.

ಗೆರೆ ದಾಟಿ ಬಿದ್ದರು. ಓಡಿಹೋಗಿ ವಾಚು ತೋರಿಸಿದೆ. "ಎರಡು ಮೂವತ್ತೊಂಬತ್ತು! ಪಾಸಾದ್ರಿ, ನೋಡ್ರಿಲ್ಲಿ, ಪಾಸಾದ್ರಿ!"

ಅವರು ವಾಚು ನೋಡಲಿಲ್ಲ. ಉಸಿರು ತಿರುಗಿದ ಮೇಲೆ ನಿಧಾನವಾಗಿ ಹೇಳಿದರು. "ನಾನಿನ್ನ ಎಂಟು ಹೆಜ್ಜಿ ದೂರ ಇದ್ದೆ. ಗೆರಿ ನೋಡಂದ್ರ ನನ್ನ ಮುಖ ನೋಡಿದಿ."

ನಾನು ಅಲ್ಲೇ ಕುಸಿದು ಅತ್ತೆ. ಅವರು ಮಣ್ಣಿನ ಕೈಯಿಂದಲೇ ನನ್ನ ಬೆನ್ನು ಸವರಿ, "ಇರ್ಲಿ ಬಿಡು, ಇರ್ಲಿ ಬಿಡು" ಅಂದರು. ಆ "ಇರ್ಲಿ ಬಿಡು" ಕೇಳಿ ನನಗೆ ಎಲ್ಲಿತ್ತೋ ರೋಷ ಬಂತು.

"ನಾ ಬೇಕಂತ ಮಾಡಿದ್ದು ಒಂದು ಗಳಿಗ್ಯಾಗ ಮಾಫ್ ಆತು. ನಿಮ್ಮದು ಗೊತ್ತಿಲ್ದ ನೆಂದ ಹಗ್ಗ. ಹದಿನೇಳು ವರ್ಷಾತು, ಅದಕ್ಕ ಮಾಫಿ ಇಲ್ಲೇನ್ರಿ?"

"ಹಗ್ಗ ನೆಂದದ್ದಲ್ಲ ಕೊಟ್ರಮ್ಮಾ. ಬಾಯಿ ಮುಚ್ಕಂಡದ್ದು."

"ಹಂಗಾರ ಬಾಯಿ ತೆಗೀರಿ! ಕಾಲಿಗ್ಯಾಕ ಶಿಕ್ಷಾ ಕೊಡ್ತೀರಿ?"

ಅವರು ಕುಂಟುತ್ತಾ ಮನೆಗೆ ಬಂದು ಸ್ನಾನ ಮಾಡಿ ಸಾಲಿಗೆ ಹೋದರು. ನನಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಹಿಂದೆಯೇ ಹೋಗಿ ಕಾಂಪೌಂಡಿನ ಆಚೆ ನಿಂತೆ. ಪ್ರಾರ್ಥನೆ ಮುಗಿಯಿತು. "ವಿಶ್ರಾಮ್" ಎಂದು ಕೂಗಿದ ಮೇಲೆ ಮಕ್ಕಳನ್ನು ಕ್ಲಾಸಿಗೆ ಬಿಡದೆ, ಹೆಡ್ ಮಾಸ್ತರರ ಎದುರಿಗೇ, ಹಗ್ಗದ ಕಥೆಯನ್ನು ಮೊದಲಿನಿಂದ ಹೇಳಿದರು. ಸುಂಕಪ್ಪನ ಹೆಸರೊಂದನ್ನು ಬಿಟ್ಟು ಎಲ್ಲವನ್ನೂ. ಹೆಡ್ ಮಾಸ್ತರರು ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. ನೌಕರಿ ಹೋದರೆ ಹೋಗಲಿ ಎಂದುಕೊಂಡೆ.

ಆಮೇಲೆ ಹುಡುಗಿಯರ ಸಾಲಿನಿಂದ ಒಂದು ಕೈ ಮೇಲೆದ್ದಿತು. ಉಚ್ಚಂಗೆಮ್ಮ.

"ಸಾರ್, ಹಂಗಾರ ನೀವು ಎಷ್ಟರಾಗ ಫೇಲ್ರಿ?"

"ಅವತ್ತು ಐದು ಸೆಕೆಂಡು. ಇವತ್ತು ಬೆಳಿಗ್ಗಿ ಓಡಿದೆ, ಒಂದೋ ಎರಡೋ."

ಹುಡುಗಿ ಲೆಕ್ಕ ಹಾಕಿದಳು. "ನಂದು ಅರ್ಧ ಸೆಕೆಂಡು ಅಷ್ಟೇ ಅಲ್ರಿ. ನಿಮಗಿಂತ ನಾನೇ ವಾಸಿ."

"ಹೌದವ್ವಾ, ನೀನೇ ವಾಸಿ" ಎಂದರು. ಇಡೀ ಸಾಲಿ ಗೊಳ್ಳೆಂದು ನಕ್ಕಿತು. ಅವರೂ ನಕ್ಕರು. ಹೆಡ್ ಮಾಸ್ತರರು ಕನ್ನಡಕ ಹಾಕಿಕೊಂಡು, "ಏ ಎರ್ರಿಸ್ವಾಮಿ, ಗಂಟಿ ಹೊಡ್ಸಪಾ, ಹೊತ್ತಾತು" ಎಂದರು.

ಮಧ್ಯಾಹ್ನ ಮನೆಗೆ ಬಂದವರೇ ಮಣೆ ಎಳೆದುಕೊಂಡು ಕೂತರು. ನಾನು ರೊಟ್ಟಿ ಬಡಿದು ಬಡಿದು ಹಾಕಿದೆ. ನಾಲ್ಕು ತಿಂದರು, ಮೇಲೆ ಅನ್ನ ಮಜ್ಜಿಗೆ ಉಂಡರು, ಒಮ್ಮೆಯೂ ಏಳಲಿಲ್ಲ. ನಾನು ಅವರ ಮುಖವನ್ನೇ ನೋಡುತ್ತಾ ಕೂತಿದ್ದೆ. ಹಂಚಿನ ಮೇಲಿದ್ದ ಐದನೇ ರೊಟ್ಟಿ ಸೀದುಹೋಯಿತು.