ಗೆರೆ ಮಾಸ್ತರರು
ಇಸವಿ ತೊಂಬತ್ತೈದಾದರೂ ನಮ್ಮ ವಿಧಾನಸಭಾ ಕ್ಷೇತ್ರಗಳು ಎಪ್ಪತ್ತೊಂದರ ಜನಗಣತಿಯ ಮೇಲೇ ನಿಂತಿವೆ. ಓದಿದವರಿಗೂ ಇದು ಗೊತ್ತಿಲ್ಲದಿರುವುದು ನಾಚಿಕೆಗೇಡು. ರಾಣೇಬೆನ್ನೂರಿನ ರಾಜ್ಯಶಾಸ್ತ್ರದ ಪ್ರಾಧ್ಯಾಪಕ ಮೌಲಾಸಾಬರಿಗೆ ಗೊತ್ತು. ಕ್ಷೇತ್ರಗಳ ಗಡಿಯನ್ನೇ ಇಪ್ಪತ್ತು ವರ್ಷ ಅಭ್ಯಾಸ ಮಾಡಿದ ಅವರು ಊಟಕ್ಕೆ ಕೂತರೆ ರೊಟ್ಟಿಯ ಮೇಲೂ ಪಲ್ಯದಿಂದ ಗೆರೆ ಎಳೆಯುತ್ತಾರೆ. "ಮೊದಲ ತಿನ್ರಿ, ಆಮ್ಯಾಲೆ ಪಾಲು ಮಾಡೀರಂತ" ಎಂದು ಹೆಂಡತಿ ಗುಲಾಬಬಿ ಗದರುತ್ತಾರೆ. ಹಾವೇರಿ ಬಸ್ಸಿನಲ್ಲಿ ತೂಕಡಿಸುವವರನ್ನು ತಟ್ಟಿ, "ಏಳ್ರೀ, ಇಲ್ಲಿಂದ ಶಾಸಕ ಬ್ಯಾರೆ" ಎನ್ನುತ್ತಾರೆ. ರಜೆ ಸಿಕ್ಕರೆ ಹಲಗೇರಿಯಾಚೆಯ ಒಂದು ಕೇರಿಗೆ ಹೋಗಿ, ತಲೆ ಎಣಿಸಿ, ದಿಲ್ಲಿಯ ಚುನಾವಣಾ ಆಯೋಗಕ್ಕೆ ಪತ್ರ ಬರೆಯುತ್ತಾರೆ. "ಹ್ವಾದ ತಿಂಗಳ ಎಣಿಸಿದ್ರೆಲ್ಲ ಮಾಸ್ತರ, ನಾವೇನ್ ಕೋಳಿ ಅದೀವೇನ್ರಿ?" ಎಂದು ಆ ಕೇರಿಯ ಉಚ್ಚಂಗೆವ್ವ ಕೆಣಕಿದರೆ ಮಾತ್ರ ಮಾಸ್ತರರಿಗೆ ನಗು ಬರುವುದಿಲ್ಲ. ಎಪ್ಪತ್ತೊಂದರಲ್ಲಿ ಇಲ್ಲಿಗೆ ಗಣತಿಗೆ ಬಂದವರು ಅವರೇ. ಕೇರಿಯವರೆಲ್ಲ ಮೆಣಸಿನಕಾಯಿ ತೊಟ್ಟು ಬಿಡಿಸಲು ಬ್ಯಾಡಗಿಗೆ ಹೋಗಿದ್ದರು. ಆಗಿನ ಹುಡುಗುಬುದ್ಧಿಯ ಮೌಲಾಸಾಬರು ಮೂವತ್ತು ಮನೆಗಳ ನಂಬರಿನ ಮುಂದೆ "ಬೀಗ" ಎಂದು ಬರೆದು ಹೋದವರು ಗಣತಿ ಮುಗಿಯುವವರೆಗೂ ಮತ್ತೆ ಬರಲಿಲ್ಲ. ಆ ಜನ ಪ್ರತಿ ಸಲ ಮತ ಹಾಕುತ್ತಾರೆ, ಆದರೆ ಕ್ಷೇತ್ರದ ಲೆಕ್ಕದಲ್ಲಿ ಇನ್ನೂ ಹುಟ್ಟೇ ಇಲ್ಲ. ಮುಂದಿನ ಗಣತಿಯವರು ನಿಮ್ಮ ಓಣಿಗೆ ಬಂದಾಗ, ಬೀಗ ಬಿದ್ದ ಪಕ್ಕದ ಮನೆಯಲ್ಲಿ ಯಾರ್ಯಾರು ಇದ್ದಾರೆಂದು ಬಾಯಿಬಿಟ್ಟು ಹೇಳಿ.