ನಮ್ಮ ಮನೆಯಲ್ಲಿ ಯಾರೂ ತಂಬಾಕು ಮುಟ್ಟುವುದಿಲ್ಲ

ಗೆಳತಿಯರೇ, ಏಳು ತಿಂಗಳ ಬಸುರಿ ನಾನು. ಇವತ್ತು ಗಾಂಧಿ ಚೌಕದ ಹತ್ತಿರದ ದವಾಖಾನೆಯಲ್ಲಿ ಡಾಕ್ಟರಮ್ಮ ಕೇಳಿದರು: “ಮೊದಲನೇ ಕೂಸು ಎಂಟ ತಿಂಗಳಿಗೇ ಹುಟ್ಟೇತಿ. ತಂಬಾಕ ತಿಂತೀರೇನ್ರಿ?”

ಜೊತೆಗೆ ಬಂದಿದ್ದ ಅತ್ತೆ ಸಿಡಿದರು. “ನಮ್ಮ ಮನಿ ಹೆಣ್ಮಕ್ಳು ತಂಬಾಕ ಮುಟ್ಟೂದಿಲ್ರಿ. ಇಕಿ ಗ್ರಹಣದಾಗ ಈಳಿಗಿ ಹಿಡದಿದ್ಲು, ಅದಕ್ಕ ಹಂಗಾತು.”

“ಹಲ್ಲ ಯಾತರ್ಲೆ ತಿಕ್ತೀರಿ?”

“ಮಿಶ್ರೀಲೆ ರೀ,” ಎಂದೆ ನಾನು.

ಡಾಕ್ಟರಮ್ಮ ಅತ್ತೆಯ ಕಡೆ ತಿರುಗಿದರು: “ಮಿಶ್ರಿ ಅಂದ್ರ ಹುರದ ತಂಬಾಕರೀ ಅಮ್ಮಾ. ಅದನ್ನ ಹಚ್ಚಿದ್ರೂ ದಿನಾ ತುಂಬೂ ಮೊದಲ ಹೆರಿಗಿ ಆಗಬಹುದು. ಇವತ್ತ ಬಿಡಸ್ರಿ.”

ಅತ್ತೆ ತಕ್ಷಣ ನನ್ನ ಚೀಲದಲ್ಲಿದ್ದ ಮಿಶ್ರಿ ಡಬ್ಬಿಯನ್ನು ಕಸಿದುಕೊಂಡರು. ಹೊರಗೆ ಬೆಂಚಿನ ಮೇಲೆ ಕುಳಿತು, ಅದನ್ನೇ ವಸಡಿಗೆ ತಿಕ್ಕಿಕೊಳ್ಳುತ್ತ ಪಕ್ಕದ ಬಸುರಿಗೆ ಬುದ್ಧಿ ಹೇಳಿದರು: “ತಂಬಾಕ ಭಾಳ ಕೆಟ್ಟದವ್ವಾ.”

ಈಳಿಗೆ ಕೇಸಿನಲ್ಲಿ ನನಗಿನ್ನೂ ಖುಲಾಸೆ ಸಿಕ್ಕಿಲ್ಲ.